ಸಿಹಿಗುಂಬಳದ ಬೀಜ ಹೆಸರುಕಾಳಲ್ಲ

ಪ್ರಶ್ನೆ: ಸಾಂಬಾರಿಗೆ ತಂದ ಸಿಹಿಗುಂಬಳದ ಬೀಜ ಒಣಗಿಸಿಟ್ಟಿದ್ದೆ. ಸಂಕ್ರಾಂತಿ ಕಳೆದ ಮೇಲೆ ಎರಡು ದಿನ ನೀರಲ್ಲಿ ನೆನೆಸಿ, ಹೆಸರುಕಾಳಿನ ಹಾಗೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಹತ್ತರಲ್ಲಿ ಎರಡು ಮೊಳೆತವು, ಉಳಿದವು ಲೋಳೆಯಾಗಿ ನಾರಿದವು. ಮೊಳೆತವನ್ನು ಲೋಟದ ಮಣ್ಣಿಗೆ ಹಾಕಿ ಅಡುಗೆಮನೆಯಲ್ಲೇ ಇಟ್ಟೆ. ಒಂದು ಸಣಕಲಾಗಿ ಉದ್ದ ಬೆಳೆದು ಬಿದ್ದುಹೋಯಿತು. ಬೀಜವೇ ಸರಿಯಿಲ್ಲವೇ?
– ಗೃಹಿಣಿ, ರಾಜಾಜಿನಗರ

ಉತ್ತರ: ಬೀಜವನ್ನು ದೂರಬೇಡಿ, ಅದು ಉಸಿರುಕಟ್ಟಿ ಸತ್ತಿದೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ತೆಗೆದರೆ ಸಾಕಿತ್ತು. ಜೊತೆಗೆ ಚಳಿ. ಕುಂಬಳದ ಬೀಜ ಚೆನ್ನಾಗಿ ಮೊಳೆಯಲು 25ರಿಂದ 30 ಡಿಗ್ರಿ ಬೇಕು. ಜನವರಿಯಲ್ಲಿ ನಮ್ಮೂರಿನ ರಾತ್ರಿ 15–16ಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ದೋಸೆಹಿಟ್ಟು ಉಬ್ಬಲೆಂದು ಎಲ್ಲಿಡುತ್ತೀರೋ, ಬೀಜವನ್ನೂ ಅಲ್ಲೇ ಇಡಿ.

ಬಟ್ಟೆಯಲ್ಲಿ ಕಟ್ಟುವುದಾದರೆ ಮೊದಲು ಅದರ ನೀರನ್ನು ಗಟ್ಟಿಯಾಗಿ ಹಿಂಡಬೇಕು. ಬೀಜದ ಚೂಪು ತುದಿಯಲ್ಲಿ ಬಿಳಿ ಬೇರು ಅಕ್ಕಿಕಾಳಿನಷ್ಟು ಇಣುಕಿದೊಡನೆ ನೆಡಬೇಕು. ತಡಮಾಡಿದರೆ ಬಟ್ಟೆಯ ಎಳೆಗೆ ಸಿಕ್ಕಿ ಮುರಿಯುತ್ತದೆ. ನನ್ನನ್ನು ಕೇಳಿದರೆ ಬಟ್ಟೆಯ ಉಸಾಬರಿಯೇ ಬೇಡ. ಕಾಗದದ ಲೋಟದ ತಳಕ್ಕೆ ತೂತು ಮಾಡಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ ತುಂಬಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಬೀಜ ಊರಿ. ಬೆಚ್ಚಗಿದ್ದರೆ ವಾರದೊಳಗೆ ಮೇಲೇಳುತ್ತದೆ. ತೀರಾ ಮೇಲೆ ಊರಿದರೆ ಸಿಪ್ಪೆ ಎಲೆಗೆ ಟೋಪಿಯಂತೆ ಅಂಟಿಕೊಂಡೇ ಬರುತ್ತದೆ. ಕೀಳಲು ಹೋಗಬೇಡಿ, ಎಲೆಯೇ ಹರಿದೀತು. ನೀರು ಚಿಮುಕಿಸುತ್ತಿದ್ದರೆ ಮೆತ್ತಗಾಗಿ ಕಳಚಿಕೊಳ್ಳುತ್ತದೆ.

ಸಸಿ ಸಣಕಲಾದದ್ದು ಬೆಳಕು ಸಾಲದೆ. ಮೊಳಕೆ ಮಣ್ಣಿನಿಂದ ತಲೆಯೆತ್ತಿದ ದಿನವೇ ಬೆಳಗಿನ ಬಿಸಿಲು ಬೀಳುವ ಕಡೆ ಇಡಿ. ಮೊದಲು ಬರುವ ಜೋಡಿ ಬೀಜದೆಲೆ ಬಿಟ್ಟು ಇನ್ನೆರಡು ಎಲೆ ಬಂದಾಗ ದೊಡ್ಡ ಕುಂಡಕ್ಕೆ ಹಾಕಿ. ಕುಂಬಳದ ಬೇರಿಗೆ ಕೈ ತಾಗಿದರೆ ಮುನಿಸು, ಹಾಗಾಗಿ ಲೋಟ ಹರಿದು ಮಣ್ಣಿನ ಸಮೇತ ಇಳಿಸಿ.

ನಿಜ ಹೇಳಬೇಕೆಂದರೆ, ಫೆಬ್ರುವರಿ ಅರ್ಧ ಕಳೆದ ಮೇಲೆ ಬೆಂಗಳೂರಿನಲ್ಲಿ ಮನೆಯೊಳಗೆ ಸಸಿ ಮಾಡುವ ಅಗತ್ಯವೇ ಇಲ್ಲ. ತಾರಸಿಯ ಕುಂಡಕ್ಕೇ ಬೀಜ ಹಾಕಿ. ಅಳಿಲು, ಇಲಿ ಕೆದಕುವ ಕಾಟವಿದ್ದರೆ ಮಾತು ಬೇರೆ. ಅಂಗಡಿಯ ಕಾಯಿ ಹೈಬ್ರಿಡ್ ಆಗಿದ್ದರೆ ಅದರ ಬೀಜದಿಂದ ಅದೇ ರುಚಿ ನಿರೀಕ್ಷಿಸಬೇಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿಯ ಬೀಜ ಸಿಕ್ಕರೆ ಒಳ್ಳೆಯದು.

ನಿಮ್ಮಲ್ಲಿ ಉಳಿದಿರುವ ಸಸಿಯೂ ಸಣಕಲಾಗಿದ್ದರೆ ಕುಂಡಕ್ಕೆ ಹಾಕುವಾಗ ಬೀಜದೆಲೆಯ ಬುಡದವರೆಗೆ ಮಣ್ಣು ಏರಿಸಿ. ಗಂಡು ಹೂ, ಹೆಣ್ಣು ಹೂ ಎರಡೂ ಒಂದೇ ಬಳ್ಳಿಯಲ್ಲಿ ಬರುವುದರಿಂದ ಒಂಟಿ ಬಳ್ಳಿಯೂ ಕಾಯಿ ಕೊಡುತ್ತದೆ. ಮೊದಮೊದಲು ಬರೀ ಗಂಡು ಹೂ ಬಿಟ್ಟು ಉದುರುತ್ತವೆ. ಅದಕ್ಕೆ ಇನ್ನೊಂದು ಪತ್ರ ಬರೆಯಬೇಡಿ, ಹೆಣ್ಣು ಹೂ ಹಿಂದೆಯೇ ಬರುತ್ತದೆ.