ಊರಿಗೆ ಊರೇ ಸೇರಿ ನಡೆಸಿದ ಕಾರ್ಯಕ್ರಮದಿಂದ ಕುಡಿತದ ಹಾನಿ ನಿಜಕ್ಕೂ ಕಡಿಮೆಯಾಯಿತಾ ಅಂತ ತಿಳಿಯೋದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಎರಡು ವರ್ಷದಿಂದ ನಿಮ್ಮ ಊರಿನಲ್ಲಿ ಕುಡಿತದ ಹಾನಿ ತಗ್ಗಿಸೋ ಕೆಲಸ ಮಾಡುತ್ತಿದ್ದೀರಿ. ಸಭೆಗಳಿಗೆ 640 ಜನ ಬಂದಿದ್ದಾರೆ, ಶಾಲೆಗಳಲ್ಲಿ ಮಾತಾಡಿದ್ದೀರಿ, ಬಾರ್ ಸಿಬ್ಬಂದಿಗೆ ತರಬೇತಿ ಕೊಟ್ಟಿದ್ದೀರಿ. ಈಗ ಹಣ ಕೊಟ್ಟವರು 'ಫಲ ಎಲ್ಲಿ ತೋರಿಸಿ' ಅಂತಿದ್ದಾರೆ. ಶುರುವಿನಲ್ಲಿ ಏನನ್ನೂ ಅಳೆದಿಟ್ಟಿಲ್ಲ, ಈಗ ಒಂದು ಸರ್ವೆ ಮಾಡಿಬಿಟ್ಟರೆ ಸಾಕಾ ಅಂತ ಕೇಳಿದ್ದೀರಿ.

ಸಾಕಾಗೋದಿಲ್ಲ. ಆದರೆ ಕಾಲವೂ ಮೀರಿಲ್ಲ. ನೀವು ಅಳೆಯದೇ ಇದ್ದರೂ ಊರು ತನ್ನ ಪಾಡಿಗೆ ಬರೆದಿಡುತ್ತಾ ಬಂದಿದೆ. ಪೊಲೀಸ್ ಠಾಣೆಯಲ್ಲಿ ಹಲ್ಲೆ ಕೇಸುಗಳಿವೆ, ರಸ್ತೆ ಅಪಘಾತದ ದಾಖಲೆ ಇದೆ, ಆಸ್ಪತ್ರೆಯ ತುರ್ತು ವಿಭಾಗದ ರಿಜಿಸ್ಟರ್ ಇದೆ. ನಿಮ್ಮ ಕಾರ್ಯಕ್ರಮ ಹುಟ್ಟುವುದಕ್ಕೆ ಐದು ವರ್ಷ ಮೊದಲಿನದೂ ಅಲ್ಲಿ ಸಿಗುತ್ತದೆ. ನಾನು ಕೆಲವು ವರ್ಷ ಇಂಥ ಕಾರ್ಯಕ್ರಮಗಳ ಲೆಕ್ಕ ನೋಡುವ ತಂಡದಲ್ಲಿದ್ದೆ. ಹೆಚ್ಚಿನ ದಿನ ನನ್ನ ಕೆಲಸ ಅಂದರೆ ಆ ರಿಜಿಸ್ಟರುಗಳ ಮುಂದೆ ಕೂರುವುದೇ ಆಗಿತ್ತು. ಆ ಅನುಭವದಿಂದ ಹೇಳುತ್ತೇನೆ.

ಮೊದಲಿಗೆ, ಸರ್ವೆಯನ್ನೇ ನೆಚ್ಚಿಕೊಂಡರೆ ಯಾಕೆ ಕೆಲಸ ಕೆಡುತ್ತದೆ ಅನ್ನೋದು. ಕುಡಿತದ ಬಗ್ಗೆ ಜನ ಪೂರ್ತಿ ಹೇಳುವುದಿಲ್ಲ. ಎಲ್ಲರೂ ಬೇಕಂತಲೇ ಸುಳ್ಳು ಹೇಳುತ್ತಾರೆ ಅಂತಲ್ಲ, ಎಷ್ಟೋ ಸಲ ಅವರಿಗೇ ಲೆಕ್ಕ ಇರುವುದಿಲ್ಲ. ಜಾಸ್ತಿ ಕುಡಿಯುವವರು ಸರ್ವೆಗೆ ಸಿಗುವುದೂ ಕಡಿಮೆ. ಹಲವು ದೇಶಗಳಲ್ಲಿ, ಸರ್ವೆಯಲ್ಲಿ ಜನ ಹೇಳಿದ್ದನ್ನೆಲ್ಲ ಕೂಡಿಸಿದರೂ ನಿಜವಾಗಿ ಮಾರಾಟವಾದ ಮದ್ಯದ 40ರಿಂದ 60 ಶೇಕಡಾ ಮಾತ್ರ ಲೆಕ್ಕಕ್ಕೆ ಸಿಕ್ಕಿದೆ.

ಇದನ್ನು ನಾನು ಒಂದು ಮನೆಯ ಬಾಗಿಲಲ್ಲಿ ನಿಂತೇ ಕಲಿತೆ. ಗಂಡನಿಗೆ ಪ್ರಶ್ನೆ ಕೇಳುತ್ತಿದ್ದೆ. ತಿಂಗಳಿಗೆ ಎಷ್ಟು ಸಲ ಕುಡಿಯುತ್ತೀರಿ? 'ಎರಡು ಸಲ ಇರಬಹುದು' ಅಂದರು. ಅವರ ಬೆನ್ನ ಹಿಂದೆ ಹೆಂಡತಿ ನಿಂತಿದ್ದರು. ಬಾಯಿ ಬಿಡಲಿಲ್ಲ. ಕೈ ಮೇಲೆತ್ತಿ ನಾಲ್ಕು ಬೆರಳು ತೋರಿಸಿದರು. ಒಂದು ಕ್ಷಣ ಬಿಟ್ಟು ಐದನೆಯದನ್ನೂ ಬಿಚ್ಚಿದರು. ತಿಂಗಳಿಗಲ್ಲ, ವಾರಕ್ಕೆ. ನಮ್ಮ ಫಾರಂನಲ್ಲಿ ಆ ಬೆರಳುಗಳನ್ನು ಬರೆದುಕೊಳ್ಳಲು ಜಾಗವೇ ಇರಲಿಲ್ಲ. ಆಮೇಲೆ ನಾವು ಮನೆಯವರನ್ನು ಬೇರೆಯಾಗಿ, ಯಾರೂ ಕೇಳಿಸಿಕೊಳ್ಳದ ಕಡೆ, ಅವರು ಒಪ್ಪಿದರೆ ಮಾತ್ರ ಕೇಳಲು ಶುರು ಮಾಡಿದೆವು. ಕೇಳಿದ್ದು 'ಅವರು ಎಷ್ಟು ಕುಡಿಯುತ್ತಾರೆ' ಅಂತಲ್ಲ. 'ಕಳೆದ ತಿಂಗಳು ಯಾರದಾದರೂ ಕುಡಿತದಿಂದ ನಿಮಗೆ ಬೈಗುಳ, ಪೆಟ್ಟು, ನಿದ್ದೆ ಕೆಡುವುದು, ಹಣದ ತೊಂದರೆ ಆಗಿದೆಯಾ' ಅಂತ. ಕುಡಿಯದವರ ಮೇಲೆ ಬೀಳುವ ಹಾನಿಯನ್ನು ಎಣಿಸದ ಮೌಲ್ಯಮಾಪನ ನನ್ನ ಪ್ರಕಾರ ಅರ್ಧ ಕೆಲಸ. ಈ ಪ್ರಶ್ನೆಗಳನ್ನು ನೀವು ದಯವಿಟ್ಟು ಬಿಡಬೇಡಿ.

ಸರ್ವೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮಾಡುವುದಾದರೆ ನಿಮ್ಮದೇ ಪ್ರಶ್ನೆ ಹೊಸೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಆಡಿಟ್' ಅನ್ನೋ 10 ಪ್ರಶ್ನೆಗಳ ಪಟ್ಟಿ ಇದೆ. 0ಯಿಂದ 40ರವರೆಗೆ ಅಂಕ, ಸಾಮಾನ್ಯವಾಗಿ 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯದ ಕುಡಿತ ಅಂತ ಲೆಕ್ಕ. ಎಲ್ಲ ಕಡೆ ಬಳಸಿದ ಅಳತೆಗೋಲು ಅದು, ಬೇರೆಯವರ ಫಲಿತಾಂಶದ ಜೊತೆ ಇಟ್ಟು ನೋಡಬಹುದು. ಆದರೆ ಅದೊಂದೇ ಸಾಕ್ಷಿ ಆಗಬಾರದು. ಅಮೆರಿಕದಲ್ಲಿ 1990ರ ದಶಕದಲ್ಲಿ ಮೂರು ಸಮುದಾಯಗಳಲ್ಲಿ ಕುಡಿತದ ಹಾನಿ ತಗ್ಗಿಸುವ ಒಂದು ದೊಡ್ಡ ಪ್ರಯತ್ನ ನಡೆಯಿತು. ಮಿತಿ ಮೀರಿ ಕುಡಿದು ಗಾಡಿ ಓಡಿಸುವುದು ಎಷ್ಟು ಇಳಿಯಿತು ಅಂತ ಜನರ ಬಾಯಿಂದ ಕೇಳಿದಾಗ ಸಿಕ್ಕ ಉತ್ತರ 51 ಶೇಕಡಾ. ರಾತ್ರಿ ಹೊತ್ತು ಗಾಯವಾದ ಅಪಘಾತಗಳು ಇಳಿದದ್ದು 10 ಶೇಕಡಾ. ರಾತ್ರಿಯ ಎಲ್ಲ ಅಪಘಾತಕ್ಕೂ ಕುಡಿತ ಕಾರಣವಲ್ಲ, ಹಾಗಾಗಿ ಎರಡೂ ಸಮ ಇರಬೇಕಿಲ್ಲ. ಆದರೂ ಎರಡು ವರ್ಷ ಊರೆಲ್ಲ ಪ್ರಚಾರ ಮಾಡಿದ ಮೇಲೆ, ಯಾವ ಉತ್ತರ ಕೊಟ್ಟರೆ ನಿಮಗೆ ಸಂತೋಷ ಆಗುತ್ತದೆ ಅಂತ ಜನರಿಗೆ ಗೊತ್ತಿರುತ್ತದೆ, ಅಲ್ವಾ? ನನಗೆ ಆ 10 ಶೇಕಡಾದ ಮೇಲೆಯೇ ಹೆಚ್ಚು ನಂಬಿಕೆ.

ಈಗ ರಿಜಿಸ್ಟರಿನ ವಿಷಯ. ಇಲ್ಲಿ ನಾವು ಒಂದು ದೊಡ್ಡ ಪೆಟ್ಟು ತಿಂದಿದ್ದೇವೆ.

ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಗಾಯಾಳುಗಳ ಪುಸ್ತಕ ಇತ್ತು. ಹೆಸರು, ವಯಸ್ಸು, ಗಂಟೆ, ಕಾರಣ. ಕಾರಣದ ಕಾಲಂನಲ್ಲಿ ಪುಟಗಟ್ಟಲೆ 'ಬಿದ್ದದ್ದು', 'ಬಿದ್ದದ್ದು', 'ಬಿದ್ದದ್ದು'. ಕುಡಿದಿದ್ದರಾ ಇಲ್ಲವಾ, ಒಂದಕ್ಷರ ಇಲ್ಲ. ನಮ್ಮ ಕಾರ್ಯಕ್ರಮದ ಭಾಗವಾಗಿ ಅಲ್ಲಿನ ನರ್ಸ್‌ಗಳಿಗೆ ತರಬೇತಿ ಆಯಿತು. ಅವರು ಮನಸ್ಸಿಟ್ಟು ಕೇಳತೊಡಗಿದರು, 'ಕುಡಿದು ಬಿದ್ದದ್ದು' ಅಂತ ಬರೆಯತೊಡಗಿದರು. ಆರು ತಿಂಗಳಲ್ಲಿ ಕುಡಿತದ ಗಾಯಗಳ ಸಂಖ್ಯೆ ಏರಿತು. ಕುಡಿತ ಏರಿರಲಿಲ್ಲ, ಬರೆಯುವುದು ಏರಿತ್ತು. ಆ ಪಟ್ಟಿ ಹಿಡಿದು ನಾವು ಸಭೆಗೆ ಹೋದೆವು. ಕಾರ್ಯಕ್ರಮದಿಂದ ಹಾನಿ ಹೆಚ್ಚಾಗಿದೆ ಅಂತ ಒಬ್ಬರು ಓದಿ ಹೇಳಿದಾಗ ಆ ನರ್ಸ್‌ಗಳ ಮುಖ ನೋಡಲು ನನಗೆ ಆಗಲಿಲ್ಲ. ತಪ್ಪು ಅವರದಲ್ಲ, ಅಳತೆ ಆರಿಸಿಕೊಂಡ ನಮ್ಮದು.

ಅದಕ್ಕೇ ಯಾರೋ ಯೋಚಿಸಿ, ನಿರ್ಧರಿಸಿ ಬರೆಯಬೇಕಾದ 'ಕುಡಿತದ ಕಾರಣ' ಅನ್ನೋ ಗುರುತನ್ನು ನಂಬಬೇಡಿ. ಗಂಟೆಯನ್ನು ನಂಬಿ. ವಾರಾಂತ್ಯದ ರಾತ್ರಿಗಳಲ್ಲಿ ಆಗುವ ಹಲ್ಲೆ, ಅಪಘಾತ, ಗಾಯಗಳಲ್ಲಿ ಕುಡಿತದ ಪಾಲು ಜಾಸ್ತಿ. ವಾರದ ಮಧ್ಯದ ಹಗಲಿನಲ್ಲಿ ಕಡಿಮೆ. ಸಂಶೋಧಕರು ಇದನ್ನೇ ಅಳತೆಯಾಗಿ ಬಳಸುತ್ತಾರೆ. ಗಂಟೆ ಬರೆಯಲು ಯಾರ ತರಬೇತಿಯೂ ಬೇಕಿಲ್ಲ, ಕಾರ್ಯಕ್ರಮ ಬಂತು ಅಂತ ಅದು ಬದಲಾಗುವುದೂ ಇಲ್ಲ. ಇನ್ನೊಂದು ಅನುಕೂಲ ಇದೆ. ನಿಮ್ಮ ಕೆಲಸದಿಂದಲೇ ಹಾನಿ ಇಳಿದಿದ್ದರೆ ರಾತ್ರಿಯ ಸಂಖ್ಯೆ ಇಳಿಯಬೇಕು, ಹಗಲಿನದು ಹೆಚ್ಚುಕಡಿಮೆ ಹಾಗೇ ಇರಬೇಕು. ಎರಡೂ ಒಟ್ಟಿಗೆ ಇಳಿದಿದ್ದರೆ ಠಾಣೆಯಲ್ಲಿ ಸಿಬ್ಬಂದಿ ಕಡಿಮೆಯಾಗಿ ಕೇಸು ದಾಖಲಾಗುವುದೇ ನಿಂತಿರಬಹುದು. ವಿಚಾರಿಸಿ ನೋಡಿ.

ಯಕೃತ್ತಿನ ಕಾಯಿಲೆ, ಸಾವು, ಇವನ್ನು ಎರಡು ವರ್ಷದ ಕಾರ್ಯಕ್ರಮಕ್ಕೆ ಒರೆಗಲ್ಲು ಮಾಡಿಕೊಳ್ಳಬೇಡಿ. ನಿಮ್ಮಂಥ ಒಂದೇ ಊರಿನಲ್ಲಿ ವರ್ಷಕ್ಕೆ ಅಂಥ ಸಾವುಗಳ ಸಂಖ್ಯೆ ಚಿಕ್ಕದು. ಒಂದೆರಡು ಆಚೀಚೆ ಆದರೂ ಶೇಕಡಾ ಲೆಕ್ಕ ಕುಣಿದಾಡುತ್ತದೆ. ಸ್ಕಾಟ್ಲೆಂಡ್ 2018ರ ಮೇ ತಿಂಗಳಿಂದ ಮದ್ಯಕ್ಕೆ ಕನಿಷ್ಠ ಬೆಲೆ ಕಟ್ಟಿತು. 2020ರ ಕೊನೆಯವರೆಗಿನ ಲೆಕ್ಕದಲ್ಲಿ ಮದ್ಯದಿಂದಲೇ ಆಗುವ ಸಾವುಗಳು 13.4 ಶೇಕಡಾ ಕಡಿಮೆ ಆಗಿದ್ದು ಕಂಡಿತು. ಹಾಗೆ ಕಾಣಬೇಕಾದರೆ ಇಡೀ ದೇಶದ ಜನಸಂಖ್ಯೆ ಬೇಕಾಯಿತು, ಹೋಲಿಸಿ ನೋಡಲು ಪಕ್ಕದಲ್ಲಿ ಇಂಗ್ಲೆಂಡ್ ಬೇಕಾಯಿತು.

ಈ ಹೋಲಿಕೆಯೇ ನಾನು ನಿಮಗೆ ಒತ್ತಿ ಹೇಳಬೇಕಾದ ಮಾತು. ನಿಮ್ಮಂಥದ್ದೇ ಇನ್ನೊಂದು ಊರನ್ನು ಹುಡುಕಿ. ಜನಸಂಖ್ಯೆ, ದುಡಿಮೆ, ಮದ್ಯದಂಗಡಿಗಳ ಸಂಖ್ಯೆ ಹತ್ತಿರಹತ್ತಿರ ಇರಲಿ, ಕಾರ್ಯಕ್ರಮ ಮಾತ್ರ ನಡೆದಿರಬಾರದು. ಅಲ್ಲಿನ ಅದೇ ಐದಾರು ವರ್ಷದ ಅಂಕಿ ತರಿಸಿ ಪಕ್ಕದಲ್ಲಿಡಿ. ಯಾಕೆ ಅಂದರೆ ಇಂಥ ಕಾರ್ಯಕ್ರಮಗಳು ಸುಮ್ನೆ ಶುರುವಾಗುವುದಿಲ್ಲ. ಒಂದು ಕೆಟ್ಟ ವರ್ಷ ಬರುತ್ತದೆ, ಎರಡು ಮೂರು ದೊಡ್ಡ ಅನಾಹುತ ಆಗುತ್ತದೆ, ಆಗ ಊರು ಎಚ್ಚೆತ್ತು ಸಭೆ ಸೇರುತ್ತದೆ. ಜ್ವರ ನೆತ್ತಿಗೇರಿದ ದಿನ ಔಷಧಿ ಕೊಟ್ಟರೆ ಮರುದಿನ ಇಳಿದದ್ದು ಔಷಧಿಯಿಂದಲಾ, ತಾನಾಗಿಯಾ ಅಂತ ಹೇಳುವುದು ಕಷ್ಟ. ಕೆಟ್ಟ ವರ್ಷದ ಮುಂದಿನ ವರ್ಷ ಏನೂ ಮಾಡದಿದ್ದರೂ ಸಾಮಾನ್ಯವಾಗಿ ಸ್ವಲ್ಪ ಒಳ್ಳೆಯದೇ ಆಗಿರುತ್ತದೆ. ಹಿಂದಿನ ಐದು ವರ್ಷದ ಗೆರೆ ಮತ್ತು ಪಕ್ಕದ ಊರಿನ ಗೆರೆ, ಇವೆರಡೇ ಈ ಮೋಸದಿಂದ ಕಾಪಾಡೋದು.

ಇದರ ಚಂದದ ಉದಾಹರಣೆ ಆಸ್ಟ್ರೇಲಿಯಾದ ನ್ಯೂಕ್ಯಾಸಲ್. 2008ರಲ್ಲಿ ಅಲ್ಲಿ ಪಬ್‌ಗಳು ಬೆಳಗಿನ ಜಾವ 5ರ ಬದಲು 3ಕ್ಕೇ ಮುಚ್ಚಬೇಕು ಅಂತ ಆಯಿತು, ಆಮೇಲೆ ಅದು ಮೂರೂವರೆಗೆ ಹೋಯಿತು. ಹತ್ತಿರದ ಹ್ಯಾಮಿಲ್ಟನ್‌ನಲ್ಲಿ ಆ ನಿಯಮ ಇರಲಿಲ್ಲ. ಎರಡನ್ನೂ ಜೊತೆಗಿಟ್ಟು ನೋಡಿದಾಗ ನ್ಯೂಕ್ಯಾಸಲ್‌ನಲ್ಲಿ ರಾತ್ರಿಯ ಹಲ್ಲೆಗಳು 37 ಶೇಕಡಾ ಇಳಿದಿದ್ದವು. ಪಕ್ಕದ ಜಾಗ ನೋಡಿದ್ದರಿಂದ ಇನ್ನೊಂದು ಪ್ರಶ್ನೆಗೂ ಉತ್ತರ ಸಿಕ್ಕಿತು. ಜಗಳವೆಲ್ಲ ಸೀದಾ ಅಲ್ಲಿಗೆ ವರ್ಗವಾಯಿತಾ? ಹಾಗೆ ಆದದ್ದು ಕಾಣಲಿಲ್ಲ. ನಿಮ್ಮ ಊರಿನಲ್ಲೂ ಇದನ್ನು ನೋಡಿ. ಇಲ್ಲಿ ಬಿಗಿ ಮಾಡಿದರೆ ಜನ ಪಕ್ಕದ ಊರಿಗೆ ಹೋಗುತ್ತಾರಾ, ಲೆಕ್ಕಕ್ಕೆ ಸಿಗದ ಕಳ್ಳಬಟ್ಟಿಗೆ ತಿರುಗುತ್ತಾರಾ?

ನಿಮ್ಮ 640 ಜನರ ಸಂಖ್ಯೆಯನ್ನು ಎಸೆಯಬೇಡಿ. ಅದು ಫಲ ಅಲ್ಲ, ಕೆಲಸ ನಡೆದಿದೆ ಅನ್ನೋದಕ್ಕೆ ಗುರುತು. ಆದರೆ ಅದಕ್ಕೂ ಫಲಕ್ಕೂ ನಡುವೆ ಒಂದು ಮೆಟ್ಟಿಲು ಇದೆ, ಬಹಳ ಜನ ಅದನ್ನು ಹಾರಿಬಿಡುತ್ತಾರೆ. ತರಬೇತಿ ಆಯಿತು ಸರಿ, ಬಾರ್‌ನಲ್ಲಿ ಏನಾದರೂ ಬದಲಾಯಿತಾ? ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 'ಸ್ಟಾಡ್' ಅನ್ನೋ ಯೋಜನೆಯವರು ಇದನ್ನು ನೋಡಿದ ರೀತಿ ನನಗೆ ತುಂಬಾ ಇಷ್ಟ. ನಟರನ್ನು ಕುಡಿದು ತೂರಾಡುವವರಂತೆ ಬಾರ್‌ಗಳಿಗೆ ಕಳಿಸಿದರು. ಬಿಯರ್ ಕೇಳಬೇಕು, ಕೊಡುತ್ತಾರಾ ಇಲ್ಲವಾ ಅಂತ ನೋಡಬೇಕು. 1996ರಲ್ಲಿ 'ಇಲ್ಲ' ಅಂದದ್ದು ನೂರರಲ್ಲಿ ಬರೀ 5 ಸಲ. 1999ರಲ್ಲಿ 47. 2001ಕ್ಕೆ 70. ಆ ಪ್ರದೇಶದಲ್ಲಿ ಹಿಂಸೆಯ ಅಪರಾಧಗಳು 29 ಶೇಕಡಾ ಇಳಿದವು ಅಂತ ಅವರು ಹೇಳಿದಾಗ ನಂಬಲು ಮನಸ್ಸು ಬರುವುದು ಇದಕ್ಕೇ. ನಡುವಿನ ಮೆಟ್ಟಿಲು ಕಣ್ಣಿಗೆ ಕಾಣುತ್ತದೆ. ಅಲ್ಲಿ ಬರೀ ತರಬೇತಿ ಇರಲಿಲ್ಲ ಅನ್ನೋದನ್ನೂ ಗಮನಿಸಿ. ಪೊಲೀಸರು, ಲೈಸೆನ್ಸ್ ಕೊಡುವವರು, ಬಾರ್ ಮಾಲೀಕರು ಒಟ್ಟಿಗೆ ಕೂತಿದ್ದರು, ನಿಯಮ ಮೀರಿದವರ ಮೇಲೆ ಕ್ರಮವೂ ಬಿಗಿಯಾಗಿತ್ತು. ಬರೀ ಭಾಷಣ ಮತ್ತು ಕರಪತ್ರದಿಂದ ಊರಿನ ಕುಡಿತ ಇಳಿದದ್ದಕ್ಕೆ ಸಾಕ್ಷಿ ಬಹಳ ಕಡಿಮೆ. ನಿಮ್ಮ ಶಾಲಾ ಭಾಷಣಗಳಿಗಿಂತ ಆ ಬಾರ್ ತರಬೇತಿಯ ಹಿಂದೆ ಬೀಳಿ ಅಂತ ನಾನು ಹೇಳುವುದು ಅದಕ್ಕೇ.

ಎಲ್ಲ ಸರಿಯಾಗಿ ಮಾಡಿಯೂ ಸಂಖ್ಯೆ ಅಲುಗಾಡದಿದ್ದರೆ? ಆಗಬಹುದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 20 ಸಣ್ಣ ಪಟ್ಟಣಗಳನ್ನು ಜೋಡಿಜೋಡಿಯಾಗಿ ಹೊಂದಿಸಿ, ಯಾವ 10ಕ್ಕೆ ಕಾರ್ಯಕ್ರಮ ಅಂತ ಚೀಟಿ ಎತ್ತಿದ ಹಾಗೆ ಆರಿಸಿದರು. ಇಷ್ಟು ಕಟ್ಟುನಿಟ್ಟಾದ ಪರೀಕ್ಷೆ ಈ ಕ್ಷೇತ್ರದಲ್ಲಿ ಬಹಳ ಅಪರೂಪ. ಫಲಿತಾಂಶ 2014ರಲ್ಲಿ ಬಂತು. ಕುಡಿತದ ಅಪರಾಧ, ಅಪಘಾತ, ಆಸ್ಪತ್ರೆ ದಾಖಲಾತಿ, ಮೂರರಲ್ಲೂ ಖಚಿತ ಅನ್ನುವಂಥ ವ್ಯತ್ಯಾಸ ಇಲ್ಲ. ಜನ ಹೇಳಿಕೊಂಡ ಪ್ರಕಾರ ಕುಡಿತ ವಾರಕ್ಕೆ ಸುಮಾರು 1.9 ಡ್ರಿಂಕ್‌ನಷ್ಟು (ಅಲ್ಲಿ ಒಂದು ಡ್ರಿಂಕ್ ಅಂದರೆ 10 ಗ್ರಾಂ ಮದ್ಯಸಾರ) ಇಳಿದಿತ್ತು, ಕುಡಿದವರಿಂದ ಬೈಗುಳ ತಿನ್ನುವುದೂ ಕಡಿಮೆ ಆಗಿತ್ತು. ಅವರು ಎರಡನ್ನೂ ಹಾಗೇ ಪ್ರಕಟಿಸಿದರು. ಆ ಪ್ರಾಮಾಣಿಕತೆ ಕಂಡರೆ ನನಗೆ ಗೌರವ. ಇಂಥ ಕಡೆ ಸಾವಿರಾರು ಜನರನ್ನು ಮಾತಾಡಿಸಿದರೂ, ಹೋಲಿಸುತ್ತಿರುವುದು 20 ಊರುಗಳನ್ನು ಮಾತ್ರ. ಸಣ್ಣ ಬದಲಾವಣೆ ಇದ್ದರೂ ಅದು ಅಂಕಿಯಲ್ಲಿ ಮೇಲೆದ್ದು ಕಾಣುವುದು ಕಷ್ಟ. ನಿಮ್ಮಲ್ಲಿ ಇರೋದು ಒಂದೇ ಊರು, ಹೋಲಿಕೆಗೆ ಇನ್ನೊಂದು. ಹಾಗಾಗಿ ಹಣ ಕೊಟ್ಟವರಿಗೆ 'ನಾವೇ ಇಳಿಸಿದೆವು' ಅಂತ ಬರೆಯಬೇಡಿ. 'ರಾತ್ರಿಯ ಹಲ್ಲೆ ಇಲ್ಲಿ ಇಷ್ಟು ಇಳಿದಿದೆ, ಪಕ್ಕದ ಊರಿನಲ್ಲಿ ಇಷ್ಟು, ಹಗಲಿನದು ಹೀಗಿದೆ, ಬಾರ್‌ಗಳಲ್ಲಿ ಇಂಥ ಬದಲಾವಣೆ ಕಂಡಿದೆ' ಅಂತ ಬರೆಯಿರಿ. ಇಳಿಯದಿದ್ದರೆ ಇಳಿದಿಲ್ಲ ಅಂತಲೇ ಬರೆಯಿರಿ. ಯಾವ ಕೆಲಸ ಬಿಟ್ಟು ಯಾವುದಕ್ಕೆ ಕೈ ಹಾಕುತ್ತೀರಿ ಅನ್ನೋದನ್ನು ಅದರ ಕೆಳಗೇ ಸೇರಿಸಿ.

ನಾಳೆಯೇ ಮಾಡಬಹುದಾದದ್ದು ಒಂದಿದೆ. ಎರಡೂ ಊರಿನ ಠಾಣೆಗೆ ಬರೆದು ಹಲ್ಲೆ ಮತ್ತು ಅಪಘಾತದ ಅಂಕಿ ಕೇಳಿ. ಹೆಸರು, ವಿಳಾಸ ಬೇಡ ಅಂತ ಮೊದಲೇ ಹೇಳಿ, ಕೊಡಲು ಅವರಿಗೂ ಸುಲಭ. ವರ್ಷದ ಒಟ್ಟು ಮೊತ್ತ ಕೊಟ್ಟರೆ ಒಪ್ಪಿಕೊಳ್ಳಬೇಡಿ, ತಿಂಗಳ ಲೆಕ್ಕ ಬೇಕು. ವಾರದ ಯಾವ ದಿನ, ಗಂಟೆ ಎಷ್ಟು ಅನ್ನೋ ಕಾಲಂ ಇರಲೇಬೇಕು. ಅದು ಕೈಗೆ ಬಂದ ಮೇಲೆ ಎಲ್ಲಿ ಸಿಕ್ಕಿಕೊಂಡಿರಿ ಅಂತ ಇಲ್ಲೇ ತಿಳಿಸಿ, ಜೊತೆಗೆ ಕೂತು ನೋಡೋಣ.