ಜಗಳಕ್ಕೂ ಒಂದು ಮಟ್ಟು ಬೇಕು

ಮಾಸ್ತರರನ್ನು ಕೇಳಿ | ಈ ಸಲ: ಶಾಲೆ, ಶಾಂತಿ, ಜನಪದ ಕಲೆ

ಪ್ರಶ್ನೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಜಾತ್ರೆಯಲ್ಲಿ ದೊಡ್ಡವರ ನಡುವೆ ನಡೆದ ತಕರಾರು ಈಗ ಮಕ್ಕಳ ಬೆಂಚಿಗೂ ಬಂದಿದೆ. ಮೇಲಿನ ಓಣಿಯವರು ಕೆಳಗಿನ ಓಣಿಯವರ ಜೊತೆ ಬಿಸಿಯೂಟಕ್ಕೂ ಕೂರುವುದಿಲ್ಲ. ಗಾಂಧಿ ಜಯಂತಿಗೆ ಶಾಂತಿಯ ಬಗ್ಗೆ ಏನಾದರೂ ಜನಪದ ಕಾರ್ಯಕ್ರಮ ಮಾಡಿಸಿ ಎಂದು ಹೆಡ್ ಮಾಸ್ತರರು ಹೇಳಿದ್ದಾರೆ. ಪ್ರತಿವರ್ಷದ ಪಾರಿವಾಳದ ಚಿತ್ರ, ಘೋಷವಾಕ್ಯ ಬಿಟ್ಟು ಬೇರೇನು ಮಾಡಿಸಲಿ?
– ಒಬ್ಬ ಶಿಕ್ಷಕಿ, ಮುದ್ದೇಬಿಹಾಳ ತಾಲೂಕು

ಉತ್ತರ: ಅಕ್ಕೋರೇ, ಜಗಳ ಮಾಡಿಸಿರಿ.

ತಮಾಷೆಗೆ ಹೇಳುತ್ತಿಲ್ಲ. ಎರಡು ಗೀಗೀ ಮೇಳಗಳು ಎದುರುಬದುರಾಗಿ ಹಾಡಿನಲ್ಲೇ ವಾದಿಸುವ ಹರದೇಶಿ–ನಾಗೇಶಿ ನಿಮ್ಮ ಸೀಮೆಯದೇ ಸೊತ್ತು. ನನ್ನ ಸೋದರಮಾವ ಗೀಗೀ ಮೇಳದಲ್ಲಿ ದಪ್ಪು ಬಾರಿಸುತ್ತಿದ್ದರು. ಹುಡುಗನಾಗಿದ್ದಾಗ ನಾನು ಅವರ ಬೆನ್ನ ಹಿಂದೆ ನಿಂತು ‘ಗೀಯ ಗೀಯ’ ಎಂದು ದನಿ ಹಿಡಿಯುತ್ತಿದ್ದೆ. ಒಂದು ಮೇಳ ಗಂಡು ಹೆಚ್ಚು ಎನ್ನುತ್ತದೆ, ಎದುರಿನ ಮೇಳ ಹೆಣ್ಣು ಹೆಚ್ಚು ಎನ್ನುತ್ತದೆ. ಇವರು ಪುರಾಣದೊಳಗಿನ ಒಂದು ಸವಾಲು ಎಸೆದರೆ ಅವರು ಹಾಡಿನಲ್ಲೇ ಜವಾಬು ಕೊಟ್ಟು ತಮ್ಮದೊಂದು ಸವಾಲು ತಿರುಗಿ ಎಸೆಯಬೇಕು. ಹೀಗೆ ಬೆಳತನಕ. ಕೂತ ಮಂದಿಯಲ್ಲೂ ಎರಡು ಪಕ್ಷ, ಸೀಟಿ, ಕೇಕೆ. ಬೆಳಕು ಹರಿದ ಮೇಲೆ ನೋಡಿದರೆ ರಾತ್ರಿಯಿಡೀ ಒಬ್ಬರ ಮಾನ ಒಬ್ಬರು ಕಳೆದವರು ಒಂದೇ ಕಟ್ಟೆಯ ಮೇಲೆ ಕೂತು ಚುರುಮುರಿ, ಚಹಾ ಮುಗಿಸುತ್ತಿರುತ್ತಾರೆ.

ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದೇ. ಎದುರಿನವರು ಮುಗಿಸುವವರೆಗೆ ಕೇಳಿಸಿಕೊಳ್ಳದೆ ಜವಾಬು ಕೊಡಲಿಕ್ಕೆ ಬರುವುದಿಲ್ಲ. ನಡುವೆ ಬಾಯಿ ಹಾಕಿದರೆ ಮಟ್ಟು, ಅಂದರೆ ಹಾಡಿನ ಧಾಟಿ, ಕೆಡುತ್ತದೆ, ಒಂಟಿತಂತಿಯ ತುಂತುಣಿ ಮೀಟುವವನು ಕಣ್ಣು ಕೆಂಪಗೆ ಮಾಡಿ ನೋಡುತ್ತಾನೆ, ಮಂದಿ ನಗುತ್ತಾರೆ. ‘ಪರರ ಮಾತನ್ನು ಗೌರವಿಸಬೇಕು’ ಎಂದು ಫಲಕದ ಮೇಲೆ ಬರೆದರೆ ಹನ್ನೆರಡು ವರ್ಷದ ಹುಡುಗ ಅದನ್ನು ಕಾಪಿ ಬರೆದು ಎದ್ದು ಹೋಗುತ್ತಾನೆ. ಮಟ್ಟು ಕೆಟ್ಟರೆ ಸೋಲುತ್ತೇನೆ ಎಂದು ಗೊತ್ತಾದರೆ ಮಾತ್ರ ಕಿವಿ ತೆರೆಯುತ್ತಾನೆ.

ಬ್ಯಾಗ್ ರಹಿತ ಶನಿವಾರ ಬಂದಾಗ ಶುರು ಮಾಡಿ. ಮೊದಲಿಗೇ ಜಾತ್ರೆಯ ವಿಷಯ ಎತ್ತಬೇಡಿ. ಎತ್ತು ಹೆಚ್ಚೋ ಟ್ರ್ಯಾಕ್ಟರ್ ಹೆಚ್ಚೋ, ಬಾವಿ ಹೆಚ್ಚೋ ನಳ ಹೆಚ್ಚೋ ಎಂಬಂಥವು ಸಾಕು. ಚೀಟಿ ಎತ್ತಿಸಿ ಎರಡು ಮೇಳ ಮಾಡಿ, ಎರಡೂ ಓಣಿಯ ಮಕ್ಕಳು ಎರಡೂ ಕಡೆ ಬೆರೆತಿರಲಿ. ನಾಲ್ಕು ನಾಲ್ಕು ಸಾಲಿನ ನುಡಿ ಅವರೇ ಕಟ್ಟಲಿ. ಪ್ರಾಸ ಕೂಡದಿದ್ದರೂ ಚಿಂತೆಯಿಲ್ಲ, ತಾಳ ತಪ್ಪಬಾರದು. ದಪ್ಪು ಇಲ್ಲವೆಂದರೆ ಎಣ್ಣೆಯ ಖಾಲಿ ಡಬ್ಬಿ ಆಗುತ್ತದೆ. ಇನ್ನೊಂದು ನಿಯಮ ನಾನು ಸೇರಿಸಿಕೊಂಡದ್ದು: ಎದುರಿನವರ ನುಡಿಗೂ ಇಡೀ ತರಗತಿ ಗೀ ಹಿಡಿಯಬೇಕು. ನಿಜವಾದ ಮೇಳಗಳಲ್ಲಿ ಅವರವರ ಹಿಮ್ಮೇಳ ಅವರವರಿಗೆ. ಶಾಲೆಯಲ್ಲಿ ಮಾತ್ರ ಇದು ಬೇಕು.

ಎರಡನೆಯ ಸಲ ಪಕ್ಷ ಬದಲಿಸಿ. ಪಾಠ ಇರುವುದು ಇಲ್ಲಿ, ಉಳಿದದ್ದೆಲ್ಲ ಪೀಠಿಕೆ. ಟ್ರ್ಯಾಕ್ಟರನ್ನು ಹೊಗಳಿ ಗೆದ್ದವನು ಈಗ ಎತ್ತಿನ ಪರ ಹಾಡಬೇಕು. ‘ಆಗೂದಿಲ್ರೀ’ ಎಂದು ಹಟ ಹಿಡಿಯುತ್ತಾನೆ. ಬಿಡಬೇಡಿ. ತನ್ನ ಎದುರಾಳಿ ಹಿಂದಿನ ಸಲ ಏನೇನು ಹೇಳಿದ್ದ ಎಂದು ನೆನಪಿಸಿಕೊಳ್ಳದೆ ಅವನಿಗೆ ಗತಿಯಿಲ್ಲ. ಕೊನೆಗೆ ಆ ಎದುರಾಳಿಯನ್ನೇ ಹೋಗಿ ಕೇಳುತ್ತಾನೆ.

ಮಕ್ಕಳು ಪಳಗಿದ ಮೇಲೆ ಆಟದ ಬಯಲು ಯಾರದು, ನೀರಿನ ಸರದಿ ಯಾರದು ಎಂಬಲ್ಲಿಗೆ ಬನ್ನಿ. ಜಾತ್ರೆಯ ತಕರಾರು ತಾನಾಗಿ ಬಾಯಿಗೆ ಬಂದರೆ ಬರಲಿ, ಅದು ತರಗತಿಯ ಬಾಗಿಲು ದಾಟಬಾರದು. ಅಕ್ಟೋಬರ್ 2ರ ವೇದಿಕೆಗೆ ಎತ್ತು–ಟ್ರ್ಯಾಕ್ಟರೇ ಸಾಕು. ಹಿರಿಯರನ್ನು ಅವರ ಮಕ್ಕಳ ಬಾಯಿಂದಲೇ ಊರ ಮುಂದೆ ನಾಚಿಸಲಿಕ್ಕೆ ಹೋದರೆ ಮರುದಿನ ನಿಮ್ಮ ಶಾಲೆಯ ಅಂಗಳದಲ್ಲೇ ಹೊಸ ತಕರಾರು ಶುರುವಾಗುತ್ತದೆ.

ಹಳೆಯ ಪದಗಳನ್ನು ಹಾಗೇ ತಂದು ಹಾಡಿಸಬೇಡಿ. ಹೆಣ್ಣನ್ನು ಹೀಗಳೆಯುವ ಸಾಲುಗಳು ಅವುಗಳಲ್ಲಿ ಸಾಕಷ್ಟಿವೆ. ‘ಗಾಂಧಿ ಜಯಂತಿಗೆ ಇದೆಂಥ ಜಗಳ’ ಎಂದು ಹೆಡ್ ಮಾಸ್ತರರು ಹುಬ್ಬು ಗಂಟಿಕ್ಕಿದರೆ, ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಗಾಂಧಿಯ, ಖಾದಿಯ ಸುದ್ದಿಯನ್ನು ಹಳ್ಳಿ ಹಳ್ಳಿಗೆ ಒಯ್ದದ್ದು ಇದೇ ಗೀಗೀ ಮೇಳಗಳು ಎಂದು ಹೇಳಿ.

ಪ್ರಶ್ನೆ: ತೊಗಲುಗೊಂಬೆ ತೋರಿಸಬೇಕೆಂದಿದ್ದೇನೆ. ಆದರೆ ಅದರಲ್ಲಿ ಬರುವುದೆಲ್ಲ ರಾಮಾಯಣ, ಮಹಾಭಾರತದ ಯುದ್ಧ. ಶಾಂತಿ ಎಲ್ಲಿದೆ?
– ಶಿಕ್ಷಕ, ಕೊಪ್ಪಳ ಜಿಲ್ಲೆ

ಉತ್ತರ: ಕೊಪ್ಪಳದಲ್ಲಿ ಕೂತು ತೊಗಲುಗೊಂಬೆಯ ಬಗ್ಗೆ ನನ್ನನ್ನು ಕೇಳುತ್ತೀರಲ್ಲ! 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ನಿಮ್ಮದೇ ಜಿಲ್ಲೆಯ ಮೋರನಾಳದವರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರಂತೂ ಗಾಂಧೀಜಿಯ ಬದುಕನ್ನೇ ಪರದೆಯ ಮೇಲೆ ಆಡಿಸಿ ತೋರಿಸಿದರು. ತೊಗಲಿನ ಮೇಲೆ ಯುದ್ಧವಷ್ಟೇ ಅಲ್ಲ, ಉಪವಾಸವೂ ಮೂಡುತ್ತದೆ.

ಆದರೂ ಯುದ್ಧವನ್ನು ಕತ್ತರಿಸಿ ಹಾಕಬೇಡಿ. ಯುದ್ಧಕ್ಕೆ ಮುಂಚಿನ ದಿನಗಳಿಗೆ ಹೋಗಿ. ಕೃಷ್ಣ ಸಂಧಾನಕ್ಕೆ ಬರುತ್ತಾನೆ, ಅರ್ಧ ರಾಜ್ಯ ಬೇಡ, ಐದು ಊರು ಕೊಟ್ಟರೂ ಆದೀತು ಎನ್ನುತ್ತಾನೆ. ದುರ್ಯೋಧನ ಸೂಜಿಮೊನೆಯಷ್ಟೂ ನೆಲ ಕೊಡುವುದಿಲ್ಲ. ಇಲ್ಲಿಗೆ ಆಟ ನಿಲ್ಲಿಸಿ, ದೀಪ ಆರಿಸಿ, ಮುಂದಿನ ಮಾತು ಮಕ್ಕಳು ಬರೆಯಲಿ. ಕೌರವರ ಸಭೆಯಲ್ಲಿ ಯಾರು ಯಾವಾಗ ಬಾಯಿ ತೆರೆದಿದ್ದರೆ ಏನಾಗುತ್ತಿತ್ತು? ಭೀಷ್ಮ? ಕರ್ಣ? ಬಾಗಿಲು ಕಾಯುತ್ತಿದ್ದ ಆಳು? ಗೊಂಬೆಗೆ ಲಗ್ನಪತ್ರಿಕೆಯ ರಟ್ಟು, ಬಿದಿರಕಡ್ಡಿ ಸಾಕು, ಪರದೆಗೆ ಹಳೆಯ ಧೋತರ, ಬೆಳಕಿಗೆ ಬಲ್ಬು. ರಟ್ಟಿನಲ್ಲಿ ಬಣ್ಣ ಮೂಡುವುದಿಲ್ಲ, ಬರೀ ನೆರಳು ಬೀಳುತ್ತದೆ. ಅಲ್ಲಲ್ಲಿ ತೂತು ಕೊರೆದು ಬೆಳಕು ಹಾಯುವ ಬಣ್ಣದ ಹಾಳೆ ಅಂಟಿಸಿದರೆ ಮಕ್ಕಳಿಗೆ ಹಬ್ಬ.

ಕಿಳ್ಳೇಕ್ಯಾತ, ಬಂಗಾರಕ್ಕರನ್ನು ಮಾತ್ರ ಮರೆಯಬೇಡಿ. ರಾಜರು ಗುಡುಗುತ್ತಿರುವಾಗ ನಡುವೆ ನುಗ್ಗಿ ನಗಿಸುವ ಜೋಡಿ ಅದು. ನಿಮ್ಮ ತರಗತಿಯ ಅತಿ ತಂಟೆಕೋರನ ಕೈಗೆ ಕಿಳ್ಳೇಕ್ಯಾತನನ್ನು ಕೊಡಿ. ದುರ್ಯೋಧನನ ಮೋರೆಗೆ ಹೊಡೆದಂತೆ ಅವನು ಹೇಳುವುದನ್ನು ನೀವು ಬರೆದುಕೊಡಲಾರಿರಿ, ನಾನೂ ಆರೆ.

ಪ್ರಶ್ನೆ: ನಮ್ಮೂರ ಮೊಹರಂನಲ್ಲಿ ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಾರೆ, ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುತ್ತಾರೆ. ಅದನ್ನು ಶಾಲೆಯಲ್ಲಿ ಕಲಿಸಬಹುದೇ? ಒಬ್ಬಿಬ್ಬರು ಪಾಲಕರು ಬೇಡ ಎನ್ನುತ್ತಿದ್ದಾರೆ.
– ಲಿಂಗಸುಗೂರು ತಾಲೂಕಿನ ಓದುಗ

ಉತ್ತರ: ಮುದಗಲ್ ನಿಮ್ಮ ಮಗ್ಗುಲಲ್ಲೇ ಇದೆ. ಅಲ್ಲಿನ ಮೊಹರಂಗೆ ಸೇರುವ ಮಂದಿಯನ್ನು ಕಂಡವರಿಗೆ ಈ ಪ್ರಶ್ನೆಯೇ ವಿಚಿತ್ರ ಅನ್ನಿಸೀತು, ಆದರೆ ಕಾಲ ಹಾಗಿದೆ.

ಕರ್ಬಲಾದಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಹತರಾದದ್ದು ಕ್ರಿ.ಶ. 680ರಲ್ಲಿ. ಇರಾಕಿನ ಆ ಬಯಲಿನ ದುಃಖವನ್ನು ಬಿಜಾಪುರ, ರಾಯಚೂರು ಸೀಮೆಯ ಒಕ್ಕಲುತನದವರು, ಕುರುಬರು ಕನ್ನಡದಲ್ಲಿ ಹಾಡಿಕೊಂಡು ಅತ್ತರು. ನೀರಿಗಾಗಿ ಬಾಯಾರಿದ ಕೂಸು, ಮಗನನ್ನು ಕಳೆದುಕೊಂಡ ತಾಯಿ ಬಂದಾಗ ಹಾಡುವವನ ಧರ್ಮ ಯಾವುದೆಂದು ಯಾರೂ ಕೇಳಲಿಲ್ಲ. ಗೆದ್ದವರ ಕಥೆ ಶಾಲೆಯ ಪುಸ್ತಕದಲ್ಲಿ ಬೇಕಾದಷ್ಟಿದೆ. ಸತ್ತವರಿಗಾಗಿ ಅಳುವ ಪದವೂ ಮಕ್ಕಳ ಕಿವಿಗೆ ಬೀಳಲಿ ಎನ್ನುವವನು ನಾನು.

ಆದರೆ ವೇಷ ಹಾಕಿಸಿ, ಕೈಗೆ ‘ಭಾವೈಕ್ಯ’ದ ಫಲಕ ಕೊಟ್ಟು ಮೆರೆಸಬೇಡಿ. ಮೊಹರಂನಲ್ಲಿ ಹೊರುವ ಹಸ್ತದ ಲಾಂಛನ, ಪಂಜಾ, ಶಾಲೆಗೆ ಬರುವುದೂ ಬೇಡ. ಅದರ ಜಾಗ ಮಸೂತಿ, ಮೊಹರಂ ಬೆಂಕಿಕುಣಿಯ ಅಲಾಯಿ ಕಟ್ಟೆ. ಊರಿನ ಹಿರಿಯ ಹಾಡುಗಾರನನ್ನು ಒಂದು ಮಧ್ಯಾಹ್ನ ಕರೆಯಿರಿ. ಹಾಡಲಿ, ಆಮೇಲೆ ಮಕ್ಕಳು ಪ್ರಶ್ನೆ ಕೇಳಲಿ. ‘ಅಜ್ಜಾ, ನಿಮಗ ಈ ಪದ ಯಾರು ಕಲಿಸಿದ್ರು?’ ಎಂಬುದನ್ನು ತಪ್ಪದೆ ಕೇಳಿಸಿ. ಗುರುವಿನ ಹೆಸರು ಒಂದು ಧರ್ಮದ್ದು, ಶಿಷ್ಯನದು ಇನ್ನೊಂದರದು ಇರುವುದು ಈ ಕಡೆ ಹೊಸತಲ್ಲ. ಇದಕ್ಕೆ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಡಿ. ಆಗಲೂ ನಮ್ಮ ಮಗು ಬೇಡ ಎನ್ನುವ ಪಾಲಕರಿದ್ದರೆ ಒತ್ತಾಯ ಬೇಡ. ಆ ಮಗುವಿಗೆ ಅದೇ ಹೊತ್ತಿಗೆ ಮುಂದಿನ ಉತ್ತರದ ಕೆಲಸ ಕೊಡಿ.

ಪ್ರಶ್ನೆ: ಹಾಡು, ಕುಣಿತ ಒಲ್ಲೆ ಎನ್ನುವ ನಾಚಿಕೆಯ ಮಕ್ಕಳಿಗೆ?
– ಯಲ್ಲಾಪುರದಿಂದ ಒಬ್ಬ ತಾಯಿ

ಉತ್ತರ: ಕೌದಿ, ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆ. ನಿಮ್ಮಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ಕವಂದಿ ಎನ್ನುತ್ತಾರೆ. ಹಿಂದೂ ಸಿದ್ದಿ, ಮುಸ್ಲಿಂ ಸಿದ್ದಿ, ಕ್ರೈಸ್ತ ಸಿದ್ದಿ, ಮೂವರ ಮನೆಯಲ್ಲೂ ಹೆಣ್ಣುಮಕ್ಕಳು ಅದೇ ಕವಂದಿ ಹೊಲಿಯುತ್ತಾರೆ, ಮೂಲೆಗೆ ಹೂ ಇಡದೆ ಮುಗಿಸುವುದಿಲ್ಲ. ಪ್ರತಿ ಮಗು ಮನೆಯಿಂದ ಒಂದು ಹಳೆಯ ಬಟ್ಟೆಯ ತುಂಡು ತರಲಿ. ಅದು ಯಾರದು, ಯಾವಾಗ ಉಟ್ಟದ್ದು ಎಂದು ಹೇಳಿ ಹೊಲಿಗೆಗೆ ಸೇರಿಸಲಿ. ಗಂಡುಹುಡುಗರೂ ಸೂಜಿ ಹಿಡಿಯಬೇಕು. ಓರೆಕೋರೆ ಹೊಲಿಗೆಯನ್ನು ಬಿಚ್ಚಿ ನೀವು ನೇರ ಮಾಡಿಸಬೇಡಿ. ಕಾಯಿಲೆ ಬಿದ್ದ ಮಗುವಿಗೆ ಹೊದೆಯಲು ಅದು ಶಾಲೆಯಲ್ಲೇ ಇರಲಿ. ಗಾಜಿನ ಬೀರುವಿನಲ್ಲಿ ಇಟ್ಟರೆ ಇಷ್ಟೆಲ್ಲ ಮಾಡಿದ್ದೇ ದಂಡ.

ಪ್ರಶ್ನೆ: ಇದಕ್ಕೆ ಪರೀಕ್ಷೆಯಲ್ಲಿ ಎಷ್ಟು ಅಂಕ?
– ಪಾಲಕರು, ಹುಬ್ಬಳ್ಳಿ

ಉತ್ತರ: ಸೊನ್ನೆ. ಹಾಗಿರುವುದರಿಂದಲೇ ಮಕ್ಕಳು ಮನಸ್ಸಿಟ್ಟು ಮಾಡುತ್ತಾರೆ.

ಪ್ರಶ್ನೆ: ಕಲಾವಿದರನ್ನು ಕರೆಸಿದರೆ ಏನು ಕೊಡಬೇಕು? ಶಾಲೆಯಲ್ಲಿ ದುಡ್ಡಿಲ್ಲ.
– ಶಿಕ್ಷಕರು, ಸವದತ್ತಿ

ಉತ್ತರ: ಶಾಲು, ಹಾರ, ಫೋಟೋ ಮುಗಿಸಿ ಕೈ ಮುಗಿಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಆ ಶಾಲಿನ ದುಡ್ಡನ್ನೇ ಕೊಟ್ಟಿದ್ದರೆ ಮೇಳದವರ ಬಸ್ ಚಾರ್ಜ್ ಆಗುತ್ತಿತ್ತು. ಬಂದದ್ದರಿಂದ ಅವರು ಒಂದು ದಿನದ ಕೂಲಿ ಬಿಟ್ಟಿರುತ್ತಾರೆ. ಅದಕ್ಕಿಂತ ಕಡಿಮೆ ಕೊಡಬೇಡಿ. ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ಪಂಚಾಯಿತಿಯನ್ನು ಕೇಳಿ. ಅಷ್ಟೂ ಹೊಂದದಿದ್ದರೆ ಐದು ಜನರ ಮೇಳದ ಬದಲು ಒಬ್ಬರನ್ನೇ ಕರೆಯಿರಿ. ದುಡ್ಡನ್ನು ಲಕೋಟೆಯಲ್ಲಿಟ್ಟು, ಹಾಡು ಶುರುವಾಗುವ ಮೊದಲೇ ಕೈಗೆ ಕೊಡಿ. ಬಿಸಿಯೂಟಕ್ಕೆ ಮಕ್ಕಳ ಸಾಲಿನಲ್ಲೇ ಕೂಡಿಸಿ. ಮೇಲಿನ ಓಣಿ, ಕೆಳಗಿನ ಓಣಿಯ ನಡುವೆ ಜಾಗ ಖಾಲಿ ಇದ್ದರೆ ಅಲ್ಲೇ.