ಸೋರ್ಸ್ ಕೋಡ್ ಮಾತ್ರ ಇದ್ದರೆ ಹಳೆಯ ಪ್ಯಾಕೇಜ್ ಮರಳಿ ಬರುವುದಿಲ್ಲ

ಓದುಗರ ಪತ್ರದ ಸಾರ: ನಾನು ಜೆಂಟೂ ಲಿನಕ್ಸ್ ಬಳಸುತ್ತೇನೆ. ಇದರಲ್ಲಿ ಪ್ರೋಗ್ರಾಮ್‌ಗಳನ್ನು ಅವುಗಳ ಮೂಲ ಬರಹದಿಂದ (ಸೋರ್ಸ್) ನಮ್ಮ ಯಂತ್ರದಲ್ಲೇ ಕಟ್ಟಿಕೊಳ್ಳುತ್ತೇವೆ, ಅಂದರೆ ಕಂಪೈಲ್ ಮಾಡುತ್ತೇವೆ. ಕಳೆದ ತಿಂಗಳು ಅಪ್‌ಡೇಟ್ ಆದ ಮೇಲೆ ಬ್ರೌಸರ್ ತೆರೆಯಲಿಲ್ಲ. ಹಿಂದಿನ ಆವೃತ್ತಿಯನ್ನು ಮತ್ತೆ ಕಂಪೈಲ್ ಮಾಡಲು ಇಡೀ ರಾತ್ರಿ ಬೇಕಾಯಿತು. ಬೈನರಿ ಪ್ಯಾಕೇಜ್ (ಕಂಪೈಲ್ ಆಗಿ ಸಿದ್ಧವಾದ ಪ್ರತಿ) ತೆಗೆದಿಡಬೇಕಿತ್ತು ಎಂದು ಸ್ನೇಹಿತರು ಹೇಳುತ್ತಾರೆ. ಎಲ್ಲವನ್ನೂ ಸೋರ್ಸ್‌ನಿಂದಲೇ ಕಟ್ಟುವವನಿಗೆ ಅದೇಕೆ? ಈಗ ಜೆಂಟೂದವರೇ ಬೈನರಿ ಕೊಡುತ್ತಿದ್ದಾರಲ್ಲ, ಅದು ಸಾಲದೇ?

ಪ್ರಿಯ ಓದುಗರೇ,

ನಿಮ್ಮ ಸ್ನೇಹಿತರ ಮಾತು ಸರಿ. ಕಂಪೈಲ್ ಮಾಡುವ ಸಮಯ ಉಳಿಯುತ್ತದೆ ಎಂಬುದು ಅದಕ್ಕೆ ಸಣ್ಣ ಕಾರಣ, ದೊಡ್ಡ ಕಾರಣ ಬೇರೆಯೇ ಇದೆ. ಕಳೆದ ತಿಂಗಳವರೆಗೆ ಚೆನ್ನಾಗಿ ಓಡುತ್ತಿದ್ದ ಆ ಬ್ರೌಸರ್ ಹುಟ್ಟಿದ್ದು ಅದರ ಸೋರ್ಸ್‌ನಿಂದ ಮಾತ್ರವಲ್ಲ. ಆ ದಿನ ನಿಮ್ಮ ಯಂತ್ರದಲ್ಲಿದ್ದ ಜಿಸಿಸಿ ಕಂಪೈಲರ್, ಆ ದಿನದ ಲೈಬ್ರರಿಗಳು (ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಕೋಡ್), ಆಗ ನೀವು ಆರಿಸಿದ್ದ ಯೂಸ್ ಫ್ಲ್ಯಾಗ್‌ಗಳು (ಯಾವ ಸೌಲಭ್ಯಗಳು ಇರಬೇಕು ಎಂಬ ಆಯ್ಕೆಗಳು) ಎಲ್ಲವೂ ಅದರಲ್ಲಿ ಸೇರಿವೆ. ಅದೇ ಸೋರ್ಸನ್ನು ಇಂದು ಕಂಪೈಲ್ ಮಾಡಿದರೆ ಸಿಗುವುದು ನೀವು ಇನ್ನೂ ಪರೀಕ್ಷಿಸಿರದ ಹೊಸದೊಂದು ಪ್ರೋಗ್ರಾಮ್. ಕೆಲವೊಮ್ಮೆ ಅಷ್ಟೂ ಸಿಗುವುದಿಲ್ಲ. 2024ರಲ್ಲಿ ಜಿಸಿಸಿ 14 ಬಂದಾಗ, ಘೋಷಿಸದ ಫಂಕ್ಷನ್‌ಗಳನ್ನು ಕರೆಯುವ ಹಳೆಯ ಸಿ ಕೋಡ್‌ಗೆ ಅದುವರೆಗೆ ಎಚ್ಚರಿಕೆ ಕೊಟ್ಟು ಮುಂದೆ ಸಾಗುತ್ತಿದ್ದ ಕಂಪೈಲರ್, ಅದನ್ನು ದೋಷವೆಂದು ಪರಿಗಣಿಸಿ ಅಲ್ಲಿಯೇ ನಿಲ್ಲತೊಡಗಿತು. ಇದಲ್ಲದೆ, ಹಳೆಯ ಆವೃತ್ತಿಗಳ ಇಬಿಲ್ಡ್‌ಗಳನ್ನು, ಅಂದರೆ ಪ್ಯಾಕೇಜ್ ಕಟ್ಟುವ ಸೂಚನೆಗಳಿರುವ ಕಡತಗಳನ್ನು, ಜೆಂಟೂ ಭಂಡಾರದಿಂದ ಕಾಲಕಾಲಕ್ಕೆ ತೆಗೆದುಹಾಕುತ್ತಾರೆ.

ಇನ್ನೂ ಗಂಭೀರವಾದ ಸಂದರ್ಭವೊಂದಿದೆ. ಕೆಟ್ಟಿರುವುದು ಕಂಪೈಲರೇ ಆದರೆ ಅದನ್ನು ಯಾವುದರಿಂದ ಕಂಪೈಲ್ ಮಾಡುತ್ತೀರಿ? ಜೆಂಟೂದಲ್ಲಿ ಪ್ಯಾಕೇಜ್‌ಗಳನ್ನು ನಿರ್ವಹಿಸುವ ಪೋರ್ಟೇಜನ್ನು ಬರೆದಿರುವುದು ಪೈಥಾನ್‌ನಲ್ಲಿ. ಪೈಥಾನ್ ಮುರಿದರೆ ಪ್ಯಾಕೇಜ್ ಸ್ಥಾಪಿಸುವ ಇಮರ್ಜ್ ಆದೇಶವೇ ಓಡುವುದಿಲ್ಲ. ಆಗ ಕೈಹಿಡಿಯುವುದು ಬೈನರಿ ಪ್ಯಾಕೇಜ್, ಏಕೆಂದರೆ ಅದು ಮೂಲತಃ ಒಂದು ಟಾರ್ ಕಡತ, ಅಂದರೆ ಹಲವು ಕಡತಗಳ ಒಂದು ಕಟ್ಟು. ಯುಎಸ್‌ಬಿಯಿಂದ ಯಂತ್ರವನ್ನು ಎಬ್ಬಿಸಿ, ಅದನ್ನು ಕೈಯಾರೆ ಬಿಚ್ಚಿ ರೂಟ್ ವಿಭಾಗಕ್ಕೆ ಹಾಕಬಹುದು. ಈಗಿನ ಜಿಪಿಕೆಜಿ ಸ್ವರೂಪದಲ್ಲಿ ಟಾರ್‌ನ ಒಳಗೆ ಇನ್ನೊಂದು ಟಾರ್ ಇರುತ್ತದೆ. ಒಳಗಿನದು ಸಾಮಾನ್ಯವಾಗಿ ಝಡ್‌ಸ್ಟ್ಯಾಂಡರ್ಡ್ ವಿಧಾನದಲ್ಲಿ ಕುಗ್ಗಿರುವುದರಿಂದ, ಅದನ್ನು ಬಿಚ್ಚುವ ಉಪಕರಣ ಆ ಯುಎಸ್‌ಬಿಯಲ್ಲಿದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಮಾಡುವ ಕ್ರಮ ಸುಲಭ. ಪೋರ್ಟೇಜ್‌ನ ಸಂರಚನೆ ಇರುವ ಮೇಕ್ ಡಾಟ್ ಕಾನ್ಫ್ ಕಡತದ ಫೀಚರ್ಸ್ ಸಾಲಿಗೆ ಬಿಲ್ಡ್‌ಪಿಕೆಜಿ ಎಂದು ಸೇರಿಸಿದರೆ, ಮುಂದೆ ಕಂಪೈಲ್ ಆಗುವ ಪ್ರತಿಯೊಂದರ ಬೈನರಿ ಪ್ರತಿಯೂ ತಾನಾಗಿ ಉಳಿಯುತ್ತದೆ. ಈಗಾಗಲೇ ಸ್ಥಾಪಿಸಿರುವ ಪ್ಯಾಕೇಜ್‌ಗಳಿಗೆ ಕ್ವಿಕ್‌ಪಿಕೆಜಿ ಎಂಬ ಆದೇಶವಿದೆ. ಅದು ಡಿಸ್ಕ್‌ನಲ್ಲಿರುವ ಕಡತಗಳನ್ನು ಇದ್ದಂತೆಯೇ ಒಟ್ಟುಗೂಡಿಸಿ ಪ್ಯಾಕೇಜ್ ಮಾಡುತ್ತದೆ. ಕಂಪೈಲ್ ಆದ ಕ್ಷಣದಲ್ಲೇ ಉಳಿದ ಪ್ರತಿಯನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಡಿಸ್ಕ್‌ನಲ್ಲಿ ಕಡತವೊಂದು ಆಗಲೇ ಕೆಟ್ಟಿದ್ದರೆ ಕ್ವಿಕ್‌ಪಿಕೆಜಿ ಆ ಕೆಡುಕನ್ನೂ ಕಟ್ಟಿಕೊಡುತ್ತದೆ. ಎಲ್ಲವನ್ನೂ ಉಳಿಸಲು ಜಾಗವಿಲ್ಲದಿದ್ದರೆ ಅನ್‌ಮರ್ಜ್‌-ಬ್ಯಾಕಪ್ ಎಂಬ ಫೀಚರ್ ಇದೆ. ಹಳೆಯದನ್ನು ತೆಗೆಯುವ ಮುನ್ನ ಅದರ ಪ್ರತಿಯನ್ನು ಅದು ತೆಗೆದಿಡುತ್ತದೆ.

ಒಂದು ಕಡೆ ಬಹಳ ಎಚ್ಚರ ಬೇಕು. ಜಾಗ ತೆರವಿಗೆ ಬಳಸುವ ಇಕ್ಲೀನ್‌ನ ಸಾಮಾನ್ಯ ನಡೆ ಏನೆಂದರೆ, ಭಂಡಾರದಲ್ಲಿ ಇಬಿಲ್ಡ್ ಇಲ್ಲದ ಬೈನರಿಗಳನ್ನು ಅಳಿಸುವುದು. ಅಂದರೆ ಇನ್ನೆಲ್ಲೂ ಸಿಗದ ಹಳೆಯ ಆವೃತ್ತಿಗಳೇ ಮೊದಲು ಹೋಗುತ್ತವೆ. ಹಾಗಾಗಿ ಜಿಸಿಸಿ, ಪೈಥಾನ್, ಪೋರ್ಟೇಜ್, ಓಪನ್‌ಎಸ್‌ಎಸ್‌ಎಲ್ ಹಾಗೂ ನೀವು ದಿನವೂ ಬಳಸುವ ದೊಡ್ಡ ಪ್ರೋಗ್ರಾಮ್‌ಗಳ ಹಿಂದಿನ ಒಂದೆರಡು ಆವೃತ್ತಿಗಳನ್ನು ಬೇರೊಂದು ಡಿಸ್ಕ್‌ಗೆ ನಕಲು ಮಾಡಿದ ನಂತರವೇ ಇಕ್ಲೀನ್ ಓಡಿಸಿ. ಅದೇ ಡಿಸ್ಕ್‌ನಲ್ಲಿ ಉಳಿದ ಪ್ರತಿ ಡಿಸ್ಕ್ ಕೆಟ್ಟ ದಿನ ಅದರೊಂದಿಗೇ ಹೋಗುತ್ತದೆ.

ಬೈನರಿ ಪ್ರತಿ ಎಲ್ಲಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. ಹಳೆಯ ಪ್ಯಾಕೇಜ್ ಹಳೆಯ ಲೈಬ್ರರಿಯನ್ನು ಕೇಳಬಹುದು. ಆಗ ಎರಡನ್ನೂ ಒಟ್ಟಿಗೆ ಹಿಂದಕ್ಕೆ ತರಬೇಕಾಗುತ್ತದೆ. ಬಹುತೇಕ ಎಲ್ಲ ಪ್ರೋಗ್ರಾಮ್‌ಗಳೂ ನೆಚ್ಚಿರುವ ಮೂಲ ಲೈಬ್ರರಿಯಾದ ಗ್ಲಿಬ್‌ಸಿಯನ್ನಂತೂ ಕೆಳಗಿನ ಆವೃತ್ತಿಗೆ ಇಳಿಸಲು ಅದರ ಇಬಿಲ್ಡ್ ಒಪ್ಪುವುದಿಲ್ಲ, ಒಪ್ಪಲೂಬಾರದು. ಹೊಸ ಗ್ಲಿಬ್‌ಸಿಯ ಮೇಲೆ ಕಟ್ಟಿದ ಪ್ರೋಗ್ರಾಮ್‌ಗಳು ಒಮ್ಮೆಲೇ ಕುಸಿಯಬಹುದು. ಇಟಿಸಿ ಕಡತಕೋಶದಲ್ಲಿ ನೀವು ತಿದ್ದಿದ ಸಂರಚನೆಗಳು ಬಿಲ್ಡ್‌ಪಿಕೆಜಿಯಲ್ಲಿ ಸೇರುವುದಿಲ್ಲ. ಅವುಗಳಲ್ಲಿ ಪಾಸ್‌ವರ್ಡ್‌ಗಳೂ ಇರಬಹುದು ಎಂದು ಕ್ವಿಕ್‌ಪಿಕೆಜಿ ಕೂಡ ತಾನಾಗಿ ಅವನ್ನು ಸೇರಿಸುವುದಿಲ್ಲ. ಆ ಕಡತಕೋಶಕ್ಕೆ ಪ್ರತ್ಯೇಕ ಬ್ಯಾಕಪ್ ಬೇಕು. ನಿಮ್ಮ ಸಿಪಿಯುಗೆಂದೇ, ಮಾರ್ಚ್ ನೇಟಿವ್ ಎಂಬ ಕಂಪೈಲರ್ ಆಯ್ಕೆಯಲ್ಲಿ ಕಟ್ಟಿದ ಪ್ಯಾಕೇಜ್ ಮನೆಯ ಇನ್ನೊಂದು ಹಳೆಯ ಲ್ಯಾಪ್‌ಟಾಪ್‌ನಲ್ಲಿ ಓಡದೇ ಇರಬಹುದು.

ಇನ್ನು ಅಧಿಕೃತ ಬೈನರಿಗಳ ವಿಷಯ. 2023ರ ಡಿಸೆಂಬರ್ ಕೊನೆಯಲ್ಲಿ ಜೆಂಟೂ ಯೋಜನೆ ಎಎಂಡಿ64 ಮತ್ತು ಎಆರ್‌ಎಂ64 ಬಗೆಯ ಸಿಪಿಯು ಇರುವ ಯಂತ್ರಗಳಿಗೆ ಬೈನರಿಗಳ ದೊಡ್ಡ ಭಂಡಾರವನ್ನು ತೆರೆದದ್ದು ಒಳ್ಳೆಯ ಕೆಲಸ. ಜಿಸಿಸಿ ಕೆಟ್ಟ ದಿನ ಅದು ನಿಮ್ಮನ್ನು ಉಳಿಸಬಲ್ಲದು. ಆದರೆ ಅವು ಅವರು ಆರಿಸಿದ ಯೂಸ್ ಫ್ಲ್ಯಾಗ್‌ಗಳೊಂದಿಗೆ ಬರುತ್ತವೆ, ಮತ್ತು ಆ ಭಂಡಾರವೂ ದಿನದಿನಕ್ಕೆ ಮುಂದೆ ಸಾಗುತ್ತದೆ. ನಿಮಗೆ ಬೇಕಾದ ಕಳೆದ ತಿಂಗಳ ಆವೃತ್ತಿ ಅಲ್ಲಿ ಇದ್ದೇ ಇರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ನಿಮ್ಮ ಬ್ರೌಸರ್ ಬಗ್ಗೆ ಕೊನೆಯ ಮಾತು. ಹಳೆಯದಕ್ಕೆ ಮರಳಿದ ಮೇಲೆ ಕೆಟ್ಟ ಆವೃತ್ತಿಯನ್ನು ಸ್ಥಾಪಿಸಬಾರದ ಆವೃತ್ತಿಗಳ ಪಟ್ಟಿಯಾದ ಪ್ಯಾಕೇಜ್ ಮಾಸ್ಕ್‌ನಲ್ಲಿ ಬರೆದಿಡಿ, ಇಲ್ಲದಿದ್ದರೆ ಮುಂದಿನ ಅಪ್‌ಡೇಟ್ ಅದನ್ನೇ ಮತ್ತೆ ತರುತ್ತದೆ. ಆ ಒಂದು ಆವೃತ್ತಿಯನ್ನು ಮಾತ್ರ ಮಾಸ್ಕ್ ಮಾಡಿ, ಅದರ ನಂತರದ್ದನ್ನು ಬಿಟ್ಟಿರಿ. ಬ್ರೌಸರ್‌ಗಳಿಗೆ ಭದ್ರತಾ ತಿದ್ದುಪಡಿಗಳು ಮೇಲಿಂದ ಮೇಲೆ ಬರುತ್ತವೆ, ಹಳೆಯದರಲ್ಲಿ ಬಹಳ ದಿನ ಉಳಿಯುವುದು ಅಪಾಯ.

— ಸಂಪಾದಕ